ಕಿವಿಯೋಲೆಯ ಸಂಖ್ಯೆಯನ್ನು ಓದುವವರು ಯಾರು?

ಅಜ್ಜಂಪುರ ತಾಲ್ಲೂಕಿನ ಶಿವನಿ ಹೋಬಳಿಯ ಹಟ್ಟಿಗಳಲ್ಲಿ ಹಸು, ಎಮ್ಮೆಗಳ ಕಿವಿಗೆ 12 ಅಂಕಿಗಳ ಹಳದಿ ಓಲೆ ಇಂದು ಹೊಸತಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಕಾಲುಬಾಯಿ ರೋಗದ ಲಸಿಕೆ ಹಾಕಿದಾಗ ಆ ಸಂಖ್ಯೆಯೊಡನೆ ವಿವರವು ರಾಷ್ಟ್ರೀಯ ದತ್ತಾಂಶಕೋಶಕ್ಕೆ ಸೇರುತ್ತದೆ. ಹಟ್ಟಿಯಿಂದ ಹೋದ ಮಾಹಿತಿಯು ಸಲಹೆಯಾಗಿ ಅದೇ ಹಟ್ಟಿಗೆ ಮರಳುವುದು ಮಾತ್ರ ವಿರಳ.

ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆಯು ಹವಾಮಾನ ಹಾಗೂ ಹಿಂದಿನ ರೋಗೋದ್ರೇಕಗಳ ದಾಖಲೆಗಳನ್ನು ಆಧರಿಸಿ ಎರಡು ತಿಂಗಳು ಮುಂಚಿತವಾಗಿ ಜಾನುವಾರು ರೋಗಗಳ ಮುನ್ಸೂಚನೆ ನೀಡುತ್ತಿದೆ. ಇದು ಮಹತ್ವದ ಕಾರ್ಯವೇ ಸರಿ. ಆದರೆ ಮುನ್ಸೂಚನೆಯ ಘಟಕವು ಜಿಲ್ಲೆ. ಚಿಕ್ಕಮಗಳೂರು ಜಿಲ್ಲೆಯೆಂದರೆ ಮಳೆ ಸುರಿಯುವ ಶೃಂಗೇರಿಯೂ ಹೌದು, ಮೋಡ ನೋಡುತ್ತ ಕೂರುವ ಶಿವನಿಯೂ ಹೌದು. ಮಳೆಗಾಲದ ಆರಂಭದಲ್ಲಿ ಕಾಣುವ ಗಳಲೆ ಹಾಗೂ ಚಪ್ಪೆ ರೋಗಗಳ ವಿಷಯದಲ್ಲಿ ಇವೆರಡನ್ನೂ ಒಂದೇ ಬಣ್ಣದಲ್ಲಿ ತೋರಿಸುವ ನಕ್ಷೆಯಿಂದ ಯಾವ ಊರಿಗೆ ಮೊದಲು ಲಸಿಕೆ ಹೋಗಬೇಕೆಂಬುದು ನಿರ್ಧಾರವಾಗದು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಹಲವು ಜಿಲ್ಲೆಗಳಲ್ಲಿ ಸಂತೆ, ಜಾತ್ರೆಗಳನ್ನು ಒಟ್ಟಾರೆಯಾಗಿ ನಿರ್ಬಂಧಿಸಬೇಕಾಯಿತು. ರೋಗವಿಲ್ಲದ ಊರಿನ ರೈತನೂ ಎತ್ತು ಮಾರಲಾರದೆ ಉಳಿದನು.

ಹೋಬಳಿ ಮಟ್ಟದ ವಿಶ್ಲೇಷಣೆಗೆ ಯಂತ್ರಗಳ ಕೊರತೆಗಿಂತ ಜನರ ಕೊರತೆ ದೊಡ್ಡದು. ಗಣಕ ಬಲ್ಲವರಿಗೆ ಚಪ್ಪೆ ರೋಗದ ಲಕ್ಷಣ ತಿಳಿಯದು. ಪಶುವೈದ್ಯರಿಗೆ ದತ್ತಾಂಶದ ಮುಂದೆ ಕೂರಲು ಬಿಡುವಿಲ್ಲ. ಓಸ್ಲೋ ವಿಶ್ವವಿದ್ಯಾಲಯವು 1990ರ ದಶಕದಲ್ಲಿ ದಕ್ಷಿಣ ಆಫ್ರಿಕದ ವಿಶ್ವವಿದ್ಯಾಲಯದವರೊಡನೆ ಮಾನವ ಆರೋಗ್ಯದ ಮಾಹಿತಿ ವ್ಯವಸ್ಥೆಯನ್ನು ಕಟ್ಟತೊಡಗಿದಾಗ, ದಾಖಲೆ ಬರೆಯುವ ಕೇಂದ್ರದಲ್ಲೇ ಅದರ ಬಳಕೆಯಾಗಬೇಕೆಂಬುದನ್ನು ಮುಖ್ಯವಾಗಿ ಇಟ್ಟುಕೊಂಡಿತು. ತರಬೇತಿಯೂ ಅದಕ್ಕೆ ತಕ್ಕಂತೆ ರೂಪುಗೊಂಡಿತು. ನಮ್ಮಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಕಾಲೇಜು ಶಿವಮೊಗ್ಗದಲ್ಲಿಯೇ ಇದೆ. ಅಲ್ಲಿಯೇ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೂ ಇದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಒಂದೊಂದು ಹೋಬಳಿಯ ದಾಖಲೆಗಳನ್ನು ಒಂದು ವರ್ಷ ಹಿಂಬಾಲಿಸುವ ಜಂಟಿ ಪಠ್ಯಕ್ರಮಕ್ಕೆ ಹೊಸ ಕಟ್ಟಡ ಬೇಕಿಲ್ಲ. ಅಮೃತಮಹಲ್ ಕಾವಲುಗಳಿರುವ ಈ ಸೀಮೆಗಿಂತ ಉತ್ತಮ ಪ್ರಯೋಗಶಾಲೆ ದೊರೆಯುವುದೂ ಕಷ್ಟ.

ದಾಖಲೆ ಹುಸಿಯಾದರೆ ವಿಶ್ಲೇಷಣೆಯೂ ಹುಸಿ. ರಾಸು ಮಾರಾಟವಾದಾಗ, ಸತ್ತಾಗ, ಓಲೆ ಕಳಚಿ ಬಿದ್ದಾಗ ರೈತ ಬಾಂಧವರು ಸಮೀಪದ ಪಶು ಚಿಕಿತ್ಸಾಲಯಕ್ಕೆ ತಿಳಿಸಿ ವಿವರ ತಿದ್ದಿಸತಕ್ಕದ್ದು. ತುರ್ತು ಚಿಕಿತ್ಸೆಗೆ 1962 ಸಂಖ್ಯೆಗೆ ಕರೆ ಮಾಡುವಾಗಲೂ ಓಲೆಯ ಸಂಖ್ಯೆಯನ್ನು ಬರೆದಿಟ್ಟುಕೊಂಡಿರುವುದು ಒಳಿತು.