ಕುಶಲಿಯ ವಿಳಂಬ

ಕುಣಿಗಲಿನ ಬಡಗಿಯಾಗಲಿ, ಗುಬ್ಬಿಯ ದರ್ಜಿಯಾಗಲಿ, ತುಮಕೂರಿನ ಮೋಟಾರು ರಿಪೇರಿಯವನಾಗಲಿ, ಕೈ ಪಳಗಿದಷ್ಟೂ ಮಾತಿಗೆ ತಪ್ಪುವವನೆಂಬ ದೂರನ್ನು ವಾಚಕರೆಲ್ಲರೂ ಕೇಳಿದ್ದಾರೆ. “ಕೆಲಸವೇನೋ ಬಂಗಾರ, ಆದರೆ ಹೇಳಿದ ದಿನಕ್ಕೆ ಕೊಟ್ಟವನಲ್ಲ.” ಕಚೇರಿ, ಕಾರ್ಖಾನೆ, ಕಾಲೇಜುಗಳಲ್ಲಿಯೂ ಇದೇ ಕಥೆ. ಇದಕ್ಕೆ ಮೇಲಿನವರು ಕಂಡುಕೊಂಡಿರುವ ಮದ್ದು ಗದರಿಕೆಯೊಂದೇ. ಅದು ರೋಗವನ್ನರಿಯದೆ ಕೊಡುವ ಮದ್ದೆಂಬುದು ನಮ್ಮ ಅಭಿಪ್ರಾಯ.

ನಮ್ಮ ತಪ್ಪನ್ನೇ ಮೊದಲು ಹೇಳಿಬಿಡುತ್ತೇವೆ. ನಮ್ಮ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಉಪಕರಣಗಳನ್ನು ಸರಿಪಡಿಸುವ ಸಹಾಯಕರೊಬ್ಬರಿದ್ದರು. ಕೆಟ್ಟ ಗ್ಯಾಲ್ವನೋಮೀಟರು ಅವರ ಕೈ ಸೇರಿದರೆ ಹೊಸದರಂತಾಗಿ ಬರುತ್ತಿತ್ತು. ಹೇಳಿದ ದಿನ ಮಾತ್ರ ಬರುತ್ತಿರಲಿಲ್ಲ. ಒಂದು ವರ್ಷ ಪ್ರಾಯೋಗಿಕ ಪರೀಕ್ಷೆಯ ಬೆಳಗಿನವರೆಗೂ ಎರಡು ಉಪಕರಣಗಳು ಸಿದ್ಧವಾಗದೆ, ಕೆಲವು ವಿದ್ಯಾರ್ಥಿಗಳು ಸಾಕಷ್ಟು ಅಭ್ಯಾಸವಿಲ್ಲದೆಯೇ ಪರೀಕ್ಷೆಗೆ ನಿಲ್ಲಬೇಕಾಯಿತು. ನಾವು ಅವರನ್ನು ಎಲ್ಲರೆದುರಿಗೆ ಆಕ್ಷೇಪಿಸಿದೆವು. ಅವರು ಮರುಮಾತಾಡದೆ ಚೀಟಿಗಳ ಕಂತೆಯೊಂದನ್ನು ತಂದು ನಮ್ಮ ಮುಂದಿಟ್ಟರು. ಎಲ್ಲ ವಿಭಾಗಗಳ ಕೆಲಸವೂ ಅದರಲ್ಲಿತ್ತು. ಪ್ರತಿಯೊಂದರ ಮೇಲೂ ‘ಜರೂರು’ ಎಂದು ಬರೆದಿತ್ತು. ನಾಲ್ಕು ಚೀಟಿಗಳು ನಮ್ಮ ಕೈಬರಹದವೇ.

ಇದರ ಗಣಿತ ಹೊಸದೇನೂ ಅಲ್ಲ. ಡೆನ್ಮಾರ್ಕಿನ ಎರ್ಲಾಂಗ್ ದೂರವಾಣಿ ಕರೆಗಳನ್ನು ಕುರಿತು 1909ರಲ್ಲಿ ಪ್ರಕಟಿಸಿದ ವಿಚಾರವೇ ಮುಂದೆ ಸರತಿಯ ಗಣಿತವಾಗಿ ಬೆಳೆಯಿತು. ಕೆಲಸಗಳು ಗೊತ್ತುಗುರಿಯಿಲ್ಲದೆ ಬರುತ್ತವೆ, ಒಂದೊಂದಕ್ಕೆ ಹಿಡಿಯುವ ಕಾಲವೂ ಹೆಚ್ಚುಕಡಿಮೆಯಾಗುತ್ತದೆ ಎಂದಿಟ್ಟುಕೊಳ್ಳೋಣ. ಅದರ ಸರಳ ಸೂತ್ರದಂತೆ, ಸರಾಸರಿ ಒಂದು ದಿನ ಹಿಡಿಯುವ ಕೆಲಸಗಳನ್ನು ಮಾಡುವ ಕುಶಲಿಯ ಸಮಯದಲ್ಲಿ ಶೇಕಡ 50 ಭಾಗ ತುಂಬಿದ್ದರೆ, ಹೊಸ ಕೆಲಸ ಸರಾಸರಿ 1 ದಿನ ಕಾಯುತ್ತದೆ. ಶೇಕಡ 80 ತುಂಬಿದ್ದರೆ 4 ದಿನ. 90 ತುಂಬಿದ್ದರೆ 9 ದಿನ. 95 ತುಂಬಿದ್ದರೆ 19 ದಿನ! ಕೊನೆಯ ಹೆಜ್ಜೆಯಲ್ಲಿ ಹೆಚ್ಚಿದ ದುಡಿಮೆ ಅಲ್ಪ. ಹೆಚ್ಚಿದ ಕಾಯುವಿಕೆ ಇಮ್ಮಡಿಗೂ ಮಿಗಿಲು. ಒಳ್ಳೆಯ ಕೈಯನ್ನೇ ಎಲ್ಲರೂ ಹುಡುಕಿಕೊಂಡು ಹೋಗುವುದರಿಂದ, ಒಳ್ಳೆಯ ಕೈಯೇ ತಡಮಾಡುತ್ತದೆ.

ಎರಡನೆಯ ಕಾರಣ ಅಂದಾಜಿನದು. ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನಗಳಲ್ಲಿ ಮುಗಿಸುವೆವೆಂದರು. ಎಲ್ಲವೂ ಕೆಟ್ಟರೆ 49 ದಿನಗಳೆಂದರು. ವಾಸ್ತವವಾಗಿ ಹಿಡಿದದ್ದು 55 ದಿನಗಳಿಗೂ ಹೆಚ್ಚು. ಇದು ವಂಚನೆಯಲ್ಲ. ಮನುಷ್ಯನು ಮುಂದಿನ ಕೆಲಸದ ಹಾದಿಯನ್ನು ಕಲ್ಪಿಸಿಕೊಳ್ಳುತ್ತಾನೆಯೇ ಹೊರತು, ಹಿಂದಿನ ಕೆಲಸಕ್ಕೆ ಎಷ್ಟು ದಿನ ಹಿಡಿಯಿತೆಂದು ತಿರುಗಿ ನೋಡುವುದಿಲ್ಲ.

ತಿರುಗಿ ನೋಡಲು ಹಿಂದಿನ ಕೆಲಸವೇ ಇಲ್ಲದಿದ್ದರೆ? ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಹೆಲಿಕಾಪ್ಟರ್ ಕಾರ್ಖಾನೆಯನ್ನು ತೆರೆದ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯೇ ತಯಾರಿಸುವ ತೇಜಸ್ ವಿಮಾನವನ್ನು ನೋಡಿ. ಯೋಜನೆಗೆ ಮಂಜೂರಾತಿ ದೊರೆತದ್ದು 1983ರಲ್ಲಿ. ಮೊದಲ ಹಾರಾಟ 2001ರ ಜನವರಿ 4ರಂದು. ವಾಯುಪಡೆಯ ಮೊದಲ ದಳ ರಚಿತವಾದದ್ದು 2016ರ ಜುಲೈ 1ರಂದು. ಅದರ ವಿನ್ಯಾಸಕರು ಅಕುಶಲರೆಂದು ಯಾರೂ ಹೇಳಲಾರರು. ಆದರೆ ಗಣಕದ ಮೂಲಕ ಹಾರಾಟವನ್ನು ನಿಯಂತ್ರಿಸುವ ವ್ಯವಸ್ಥೆಯನ್ನು ದೇಶದಲ್ಲಿಯೇ ಹೊಸದಾಗಿ ರೂಪಿಸಬೇಕಾಗಿತ್ತು. ಅದಕ್ಕೆಂದು ಯೋಜಿಸಿದ ಕಾವೇರಿ ಎಂಜಿನ್ ಕೈಗೂಡಲಿಲ್ಲ. 1998ರ ಅಣುಪರೀಕ್ಷೆಯ ತರುವಾಯ ಅಮೆರಿಕದ ನಿರ್ಬಂಧಗಳೂ ಬಂದವು. ಇಂಥ ಕೆಲಸದ ಗಡುವನ್ನು ಮೊದಲ ದಿನವೇ ಶಿಲೆಯಲ್ಲಿ ಕೊರೆಯಬಾರದು. ಹಂತಹಂತಕ್ಕೂ ಅಳೆದು ತಿದ್ದತಕ್ಕದ್ದು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಹೇಳಿದ ದಿನ ಮತ್ತು ಮುಗಿದ ದಿನ ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ಗಡುವನ್ನು ಅದರಿಂದಲೇ ಕಟ್ಟಬೇಕು. ಎರಡನೆಯದಾಗಿ, ಯಾವ ಕೆಲಸ ಮೊದಲು ಎಂಬುದನ್ನು ಹತ್ತು ಜನರಲ್ಲ, ಒಬ್ಬರು ನಿರ್ಣಯಿಸಬೇಕು. ಮೂರನೆಯದಾಗಿ, ಕುಶಲಿಯ ಪಕ್ಕದಲ್ಲಿ ಇನ್ನೊಬ್ಬರನ್ನು ಪಳಗಿಸಬೇಕು. ನಾಲ್ಕನೆಯದಾಗಿ, ಅವನಿಗೆ ಕೊಂಚ ಬಿಡುವಿರಬೇಕು. ಸಂಬಳ ಪಡೆಯುವವನು ಬಿಡುವಾಗಿರುವುದೆ ಎಂದು ಕೆಲವರು ಕೇಳಬಹುದು. ಅಗ್ನಿಶಾಮಕದ ಗಾಡಿ ದಿನವೆಲ್ಲ ನಿಂತಿದೆಯೆಂದು ನಾವು ಅದರಲ್ಲಿ ಮರಳು ಸಾಗಿಸುವುದುಂಟೆ?

ಕುಶಲಿಗೂ ಒಂದು ಕರ್ತವ್ಯವುಂಟು. ತಡವಾಗುವುದು ಗೊತ್ತಾದ ದಿನವೇ ಅದನ್ನು ಹೇಳಬೇಕು. ಹೇಳಿದವನನ್ನು ಗದರುವ ಕಡೆ ಯಾರೂ ಮುಂಚಿತವಾಗಿ ಹೇಳಲಾರರು. ಲೆಕ್ಕವನ್ನು ಸರಿಪಡಿಸಿ, ಹೊರೆಯನ್ನು ಇಳಿಸಿದ ಮೇಲೂ ಕಾರಣವಿಲ್ಲದೆ ತಡಮಾಡುವವನಿದ್ದರೆ, ಆಗ ಗದರಿಕೆಗೆ ಅರ್ಥವುಂಟು.

ಮರುವರ್ಷ ನಾವು ಎಲ್ಲ ವಿಭಾಗಗಳಿಗೂ ಒಂದೇ ಪಟ್ಟಿ ಮಾಡಿದೆವು. ‘ಜರೂರು’ ಎಂಬ ಚೀಟಿಗಳಲ್ಲಿ ಹಲವು ಕಾಯಬಲ್ಲವೆಂದು ತಿಳಿಯಿತು. ಪರೀಕ್ಷೆಗೆ ಎರಡು ದಿನ ಮೊದಲೇ ಉಪಕರಣಗಳು ಮೇಜಿನ ಮೇಲಿದ್ದವು. ಎಲ್ಲರೆದುರಿಗೆ ಆಡಿದ್ದ ಮಾತಿಗೆ ಎಲ್ಲರೆದುರಿಗೇ ಕ್ಷಮೆ ಕೇಳುವುದು ನಮ್ಮ ಪಾಲಿಗೆ ಉಳಿದ ಕೆಲಸವಾಗಿತ್ತು. ಅದನ್ನು ಮಾಡಲು ನಾವು ತಡಮಾಡಿದೆವೆಂದು ಒಪ್ಪಿಕೊಳ್ಳಲೇಬೇಕು.