ಅಂಗಡಿ ನೌಕರರ ಸಂಖ್ಯೆ: ಲೆಕ್ಕಕ್ಕೆ ಬಾರದ ಸೂಚಕ

ತಿಂಗಳು ಮುಗಿದೊಡನೆ ಜಿಎಸ್‌ಟಿ ಸಂಗ್ರಹದ ಅಂಕಿ-ಅಂಶಗಳು ಪ್ರಕಟವಾಗುತ್ತವೆ. ಮಹಾರಾಷ್ಟ್ರದ ನಂತರದ ಸ್ಥಾನ ಕರ್ನಾಟಕದ್ದೆಂದು ಪತ್ರಿಕೆಗಳು ವರದಿ ಮಾಡುತ್ತವೆ. ರಾಜ್ಯದ ಆರ್ಥಿಕ ಆರೋಗ್ಯ ಉತ್ತಮವಾಗಿದೆ ಎಂಬ ತೀರ್ಮಾನಕ್ಕೆ ಅಷ್ಟೇ ಸಾಕೆಂಬ ಭಾವನೆ ಆಳುವವರಲ್ಲಿ ಬೇರೂರಿದೆ. ಆದರೆ ತೆರಿಗೆ ತುಂಬಿದ ಖಜಾನೆಗೂ ಚಿಲ್ಲರೆ ಅಂಗಡಿಯಲ್ಲಿ ದುಡಿಯುವ ಕೈಗಳಿಗೂ ಹಿಂದೆ ಇದ್ದ ಸಂಬಂಧ ಇಂದು ಸಡಿಲಗೊಂಡಿದೆ.

2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿಯು ಸರಕು ಬಳಕೆಯಾಗುವ ರಾಜ್ಯಕ್ಕೆ ಸಲ್ಲುವ ತೆರಿಗೆ. ದಾವಣಗೆರೆಯ ಗೃಹಿಣಿಯೊಬ್ಬರು ಮಿಕ್ಸರ್ ಒಂದನ್ನು ಆನ್‌ಲೈನ್ ಮೂಲಕ ತರಿಸಿಕೊಂಡರೆ, ಅದು ಹರಿಯಾಣದ ಗೋದಾಮಿನಿಂದ ಬಂದರೂ ರಾಜ್ಯದ ಪಾಲಿನ ತೆರಿಗೆ ಕರ್ನಾಟಕಕ್ಕೇ ಜಮೆಯಾಗುತ್ತದೆ. ಖಜಾನೆಗೆ ನಷ್ಟವಿಲ್ಲ. ಅದೇ ಮಿಕ್ಸರನ್ನು ಮಂಡಿಪೇಟೆಯ ಅಂಗಡಿಯಲ್ಲಿ ಮಾರುತ್ತಿದ್ದ ಇಬ್ಬರು ಸಹಾಯಕರ ಪೈಕಿ ಒಬ್ಬನ ಅಗತ್ಯ ಮಾತ್ರ ಮಾಲೀಕರಿಗೆ ಇಲ್ಲವಾಗುತ್ತದೆ. ಜಿಎಸ್‌ಟಿ ವಿವರಪಟ್ಟಿಯ ಯಾವ ಕಾಲಮಿನಲ್ಲೂ ಈ ಸಂಗತಿ ಕಾಣಿಸದು.

ಹಾಗಾದರೆ ಅದು ಎಲ್ಲಿ ಕಾಣುತ್ತದೆ? ಭವಿಷ್ಯ ನಿಧಿಗೆ ಇಪ್ಪತ್ತು, ಇಎಸ್‌ಐಗೆ ಹತ್ತು ನೌಕರರ ಮಿತಿಯಿದೆ. ಜಿಲ್ಲಾ ಕೇಂದ್ರಗಳ ಬಹುಪಾಲು ಅಂಗಡಿಗಳು ಎರಡಕ್ಕೂ ಹೊರಗೆ. ವೃತ್ತಿ ತೆರಿಗೆಯ ವೇತನ ಮಿತಿಯನ್ನು 2023ರ ಏಪ್ರಿಲ್‌ನಿಂದ 15,000 ರೂಪಾಯಿಗಳಿಂದ 25,000ಕ್ಕೆ ಏರಿಸಲಾಯಿತು. ನೌಕರರಿಗೆ ಇದು ನೆಮ್ಮದಿ ತಂದಿತು, ಸರಿ. ಆದರೆ ಇದ್ದೊಂದು ಲೆಕ್ಕವೂ ತಪ್ಪಿತು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ನೋಂದಣಿ ಅರ್ಜಿಯಲ್ಲಿ ನೌಕರರ ಸಂಖ್ಯೆಯನ್ನು ನಮೂದಿಸಬೇಕೆಂಬುದೇನೋ ನಿಜ. ಒಮ್ಮೆ ಬರೆದ 'ಮೂರು' ಎಂಬ ಅಂಕಿ ವರ್ಷಾನುಗಟ್ಟಲೆ ಮೂರಾಗಿಯೇ ಉಳಿಯುವುದನ್ನು ವರ್ತಕ ಬಾಂಧವರು ಬಲ್ಲರು.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ ಅನೇಕರು ಕ್ಯೂಆರ್ ಫಲಕಗಳನ್ನೇ ತೆಗೆದಿರಿಸಿದರು. ತರಕಾರಿ ಅಂಗಡಿಯ ನಾಲ್ಕು ವರ್ಷಗಳ ಜಮೆಯನ್ನು ಲೆಕ್ಕಹಾಕಬಲ್ಲ ಸರ್ಕಾರಕ್ಕೆ, ಆ ಅಂಗಡಿಯಲ್ಲಿ ಎಷ್ಟು ಜನ ಸಂಬಳಕ್ಕಿದ್ದಾರೆಂಬುದು ತಿಳಿಯದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಅಂಗಡಿಗಳ ಸಂಖ್ಯೆ ಹೆಚ್ಚಿತೆಂದರೆ ಸಮೃದ್ಧಿ ಹೆಚ್ಚಿತೆಂದು ಅರ್ಥವಲ್ಲ. ಕೇಂದ್ರ ಸರ್ಕಾರದ ಅಸಂಘಟಿತ ಉದ್ಯಮಗಳ ಸಮೀಕ್ಷೆಯ ಪ್ರಕಾರ ಕೃಷಿಯೇತರ ಉದ್ಯಮಗಳು 2022-23ರಲ್ಲಿ 6.50 ಕೋಟಿಯಿದ್ದುದು 2023-24ರಲ್ಲಿ 7.34 ಕೋಟಿಗೆ ಏರಿದವು. ಆದರೆ ಇವುಗಳಲ್ಲಿ ಬಹುತೇಕ ಉದ್ಯಮಗಳು ಸಂಬಳದ ನೌಕರರಿಲ್ಲದೆ ಮಾಲೀಕ ಹಾಗೂ ಮನೆಯವರಿಂದಲೇ ನಡೆಯುವಂಥವು. ಗಿರಣಿ ಮುಚ್ಚಿದಾಗ, ಮಳೆ ಕೈಕೊಟ್ಟಾಗ ಕೆಲಸ ಕಳೆದುಕೊಂಡವನು ತೆರೆಯುವುದೂ ಪೆಟ್ಟಿಗೆ ಅಂಗಡಿಯನ್ನೇ. ಗಲ್ಲಾದಲ್ಲಿ ಕುಳಿತ ಪತ್ನಿಗೆ, ಕಾಲೇಜು ಮುಗಿಸಿ ಬಂದು ತೂಕ ಹಾಕುವ ಮಗನಿಗೆ ಸಂಬಳ ಬರೆಯುವ ರೂಢಿಯಿಲ್ಲ. ಆದ್ದರಿಂದ ಲಾಭ-ನಷ್ಟ ಪಟ್ಟಿಯಲ್ಲಿ ಲಾಭವೆಂದು ತೋರುವ ಮೊತ್ತದಲ್ಲಿ ಎಷ್ಟೋ ಪಾಲು ಕೂಲಿಯೇ. ಗಣಿಸಬೇಕಾದದ್ದು ಅಂಗಡಿಗಳನ್ನಲ್ಲ, ಸಂಬಳ ಕೊಟ್ಟು ಇರಿಸಿಕೊಂಡ ನೌಕರರನ್ನು.

ಈ ಸಂಖ್ಯೆಗಿರುವ ಗುಣವೆಂದರೆ ಅದು ಜಿಲ್ಲೆಯ ಸ್ಥಿತಿಯನ್ನು ಹೇಳುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ರಫ್ತು ರಾಜ್ಯದ ಒಟ್ಟು ಉತ್ಪನ್ನವನ್ನು ಮೇಲೆತ್ತಿದಾಗ ಹಾವೇರಿಯ ಜವಳಿ ಅಂಗಡಿಯ ಸಂಕಷ್ಟ ಅದರೊಳಗೆ ಮರೆಯಾಗುತ್ತದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಅಂತಹ ವರ್ಷದಲ್ಲಿ ದೀಪಾವಳಿಗೆ ಹೆಚ್ಚುವರಿ ಹುಡುಗರನ್ನು ತೆಗೆದುಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಜವಳಿ ವ್ಯಾಪಾರಿಗೆ ಹಬ್ಬಕ್ಕೆ ಮುಂಚೆಯೇ ಎದುರಾಗುತ್ತದೆ. ಅವನ ಉತ್ತರ ಯಾವ ಸರ್ಕಾರಿ ಅಂದಾಜಿಗಿಂತಲೂ ಮುಂಚಿತವಾಗಿ ಬರುವ ವರದಿ. ಹಬ್ಬದ ಹಾಗೂ ಮದುವೆಯ ತಿಂಗಳುಗಳ ಏರಿಳಿತವಿರುವುದರಿಂದ ಹಿಂದಿನ ತಿಂಗಳೊಂದಿಗಲ್ಲದೆ ಹಿಂದಿನ ವರ್ಷದ ಅದೇ ತಿಂಗಳೊಂದಿಗೆ ಹೋಲಿಸಬೇಕಷ್ಟೆ.

ಏಳನೆಯ ಆರ್ಥಿಕ ಗಣತಿಯ ಕ್ಷೇತ್ರಕಾರ್ಯ 2019ರಲ್ಲಿ ಆರಂಭವಾಗಿ ಅದರ ಫಲಿತಾಂಶ ವರ್ಷಗಳೇ ಕಳೆದರೂ ಹೊರಬೀಳಲಿಲ್ಲ. ಸರ್ಕಾರವನ್ನೇ ಕಾಯುವ ಬದಲು ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಸದಸ್ಯರಿಂದ ತಿಂಗಳಿಗೊಮ್ಮೆ ಎರಡೇ ಅಂಕಿಗಳನ್ನು ಪಡೆಯಬಹುದು: ಸಂಬಳದ ನೌಕರರೆಷ್ಟು, ಸಂಬಳದ ಒಟ್ಟು ಮೊತ್ತವೆಷ್ಟು. ಅಂಗಡಿಯ ಹೆಸರನ್ನು ಗೋಪ್ಯವಾಗಿಟ್ಟರೆ ಸದಸ್ಯರು ಹಿಂಜರಿಯಲಾರರು. ಬಜೆಟ್ ಪೂರ್ವ ಸಭೆಗೆ ಮನವಿಪತ್ರದ ಜೊತೆಗೆ ಹನ್ನೆರಡು ತಿಂಗಳ ಈ ಪಟ್ಟಿಯನ್ನೂ ಕೊಂಡೊಯ್ಯಬೇಕೆಂದರೆ, ಎಣಿಕೆಯನ್ನು ಬರುವ ಏಪ್ರಿಲ್‌ನಿಂದಲೇ ಆರಂಭಿಸುವುದು ಅನುಕೂಲಕರ.