ಹೆಸರಿಗೆ ಮಾತ್ರ ಮ್ಯಾನೇಜರು

ನಾಗಪುರಕ್ಕೆ ಕನ್ನಡ ಚಿತ್ರಗಳು ಬರುವುದಿಲ್ಲವೆಂಬ ಮಾತು ಬಂದಾಗಲೆಲ್ಲ ನಮ್ಮವರ ಸಿಟ್ಟು ಮೊದಲು ಹರಿಯುವುದು ಥಿಯೇಟರಿನ ಮ್ಯಾನೇಜರರ ಮೇಲೆ. ‘ಭಾನುವಾರ ಬೆಳಿಗ್ಗೆ ಒಂದು ಆಟ ಕೊಟ್ಟರೆ ಇವರ ಗಂಟೇನು ಹೋಗುತ್ತದೆ?’ ಎಂದು ಕೇಳುವವರು ಬಹಳ. ಆ ಆಟ ಕೊಡುವ ಅಧಿಕಾರ ಆತನ ಕೈಯಲ್ಲಿ ಇದೆಯೇ ಎಂದು ಕೇಳುವವರು ಕಡಿಮೆ.

ಇಲ್ಲವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ನಾಗಪುರ 1960ರಲ್ಲಿ ಮಹಾರಾಷ್ಟ್ರದ್ದಾದರೂ ಚಿತ್ರ ಹಂಚಿಕೆದಾರರ ಲೆಕ್ಕದಲ್ಲಿ ಅದು ಇಂದಿಗೂ ‘ಸಿ.ಪಿ.-ಬೇರಾರ್’. ಆ ವಲಯದ ವ್ಯಾಪಾರ ಬೆಳೆದದ್ದು ಅಮರಾವತಿಯಲ್ಲಿ. ಕನ್ನಡ ಚಿತ್ರದ ವ್ಯಾಪಾರ ನಡೆಯುವುದು ಬೆಂಗಳೂರಿನ ಗಾಂಧಿನಗರದಲ್ಲಿ. ಅವರಿಬ್ಬರ ನಡುವೆ ವ್ಯವಹಾರ ಕುದುರಿ, ಮಾಲೀಕರು ಒಪ್ಪಿದ ಮೇಲಷ್ಟೇ ಮ್ಯಾನೇಜರಿಗೆ ಸುದ್ದಿ. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಬಿಡುಗಡೆಯಾಯಿತು. ಹಿಂದಿಯಲ್ಲಿ ಬಂದದ್ದು ಅಕ್ಟೋಬರ್ 14ರಂದು. ಆ ದಿನಾಂಕಗಳನ್ನು ಗೊತ್ತುಮಾಡಿದವರು ಯಾವ ಊರಿನ ಮ್ಯಾನೇಜರರೂ ಅಲ್ಲ.

ಹಾಗಾದರೆ ಆತನ ಪಾಲಿಗೆ ಬಂದದ್ದೇನು? ಉಳಿದದ್ದೆಲ್ಲ! ಕರೆಂಟು ಹೋದರೆ ಬೈಗುಳ ಆತನಿಗೆ. ಕುರ್ಚಿ ಮುರಿದಿದ್ದರೆ, ಕಾಳಸಂತೆಯಲ್ಲಿ ಟಿಕೆಟು ಮಾರಾಟವಾದರೆ ಜವಾಬು ಆತನದು. ಪ್ರತಿ ಆಟದ ಟಿಕೆಟು, ತೆರಿಗೆ, ಉಳಿದ ಹಣ ಎಲ್ಲವನ್ನೂ ಲೆಕ್ಕ ಹಾಕಿ ಹಂಚಿಕೆದಾರರಿಗೆ ಒಪ್ಪಿಸಬೇಕು. ರಾತ್ರಿ ಒಂಬತ್ತರ ಆಟ ಮುಗಿದು ಬಾಗಿಲು ಹಾಕುವಾಗ ನಡುರಾತ್ರಿ. ಊರಿಗೆಲ್ಲ ದೀಪಾವಳಿಯಾದರೆ ಆತನಿಗೆ ಹೊಸ ಚಿತ್ರದ ಮೊದಲ ವಾರ. ಮಕ್ಕಳೊಡನೆ ಹಬ್ಬದ ಊಟಕ್ಕೆ ಕೂರುವ ಭಾಗ್ಯವೂ ಇಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ಆ ಹುದ್ದೆಯ ಹೆಸರಿನಲ್ಲೇ ಇದೆ. ಮುಖ್ಯವಾಗಿ ಆಡಳಿತದ ಕೆಲಸ ಮಾಡುವವರನ್ನು 1947ರ ಕೈಗಾರಿಕಾ ವಿವಾದ ಕಾಯಿದೆ ಕಾರ್ಮಿಕರ ಲೆಕ್ಕದಿಂದ ಹೊರಗಿಟ್ಟಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಂಹಿತೆಯೂ ಹಾಗೆಯೇ ಇಟ್ಟಿದೆ. ಹುದ್ದೆಯ ಹೆಸರನ್ನಲ್ಲ, ಮಾಡುವ ಕೆಲಸವನ್ನು ನೋಡಬೇಕೆಂದು ನ್ಯಾಯಾಲಯಗಳು ಹೇಳಿವೆ, ನಿಜ. ಆದರೆ ಕೆಲಸ ಕಳೆದುಕೊಂಡವನು ನ್ಯಾಯಾಲಯದ ಮೆಟ್ಟಿಲು ಹತ್ತುವುದು ಯಾರ ದುಡ್ಡಿನಲ್ಲಿ?

ಹೊಣೆಯ ಮಾತು ಬಂದಾಗ ಮಾತ್ರ ಕಾನೂನು ಆತನನ್ನು ಮರೆಯುವುದಿಲ್ಲ. 1997ರ ಜೂನ್ 13ರಂದು ದೆಹಲಿಯ ‘ಉಪಹಾರ್’ ಚಿತ್ರಮಂದಿರದ ಬೆಂಕಿಯಲ್ಲಿ 59 ಜೀವಗಳು ಹೋದವು. ಮಾಲೀಕರೊಡನೆ ಮ್ಯಾನೇಜರರೂ ಕಟಕಟೆಯಲ್ಲಿ ನಿಂತರು. ಅದು ತಪ್ಪೆಂದು ನಾವು ಹೇಳುವುದಿಲ್ಲ. ಪ್ರೇಕ್ಷಕರ ಪ್ರಾಣ ದೊಡ್ಡದು. ಆದರೆ ಅಷ್ಟು ಹೊಣೆ ಹೊರಿಸುವವರು, ಬಾಗಿಲಿಗೆ ಅಡ್ಡವಾಗುವ ಹೆಚ್ಚುವರಿ ಕುರ್ಚಿಯನ್ನು ‘ಬೇಡ’ ಎನ್ನುವ ಅಧಿಕಾರವನ್ನೂ ಆತನಿಗೆ ಕೊಡಬೇಕಲ್ಲವೇ?

ಈಗ ಒಂದೇ ಪರದೆಯ ಹಳೆಯ ಚಿತ್ರಮಂದಿರಗಳು ಊರೂರಿನಲ್ಲೂ ಮುಚ್ಚುತ್ತಿವೆ. ಮಹಾರಾಷ್ಟ್ರದಲ್ಲಿ 2020ರ ಮಾರ್ಚಿನಲ್ಲಿ ಮುಚ್ಚಿದ ಬಾಗಿಲುಗಳು, ನಡುವೆ ಕೆಲವು ತಿಂಗಳು ತೆರೆದು ಮತ್ತೆ ಮುಚ್ಚಿ, ಪುನಃ ತೆರೆದದ್ದು 2021ರ ಅಕ್ಟೋಬರ್ 22ರಂದು. ಕಟ್ಟಡ ಬಿದ್ದರೂ ಜಾಗಕ್ಕೆ ಬೆಲೆ ಬರುತ್ತದೆ. ಐವತ್ತು ದಾಟಿದ ಮ್ಯಾನೇಜರಿಗೆ ಏನು ಬರುತ್ತದೆ?

ಲಿಖಿತ ನೇಮಕ, ವಾರಕ್ಕೊಂದು ರಜೆ, ಪ್ರಾವಿಡೆಂಟ್ ಫಂಡು, ಮುಚ್ಚುವಾಗ ನ್ಯಾಯವಾದ ಪರಿಹಾರ — ಇವು ಭಿಕ್ಷೆಯಲ್ಲ, ಹಕ್ಕು. ಮಾಲೀಕರು ಇವನ್ನು ಕೊಡಲೇಬೇಕು. ಇನ್ನು ನಮ್ಮ ಬಂಧುಗಳಲ್ಲಿ ಒಂದು ಮಾತು. ಕನ್ನಡ ಚಿತ್ರ ಬೇಕಾದರೆ ಇನ್ನೂರು ಟಿಕೆಟಿನ ಹಣ ಕೂಡಿಸಿಕೊಂಡು ಮಾಲೀಕರ, ಹಂಚಿಕೆದಾರರ ಬಳಿಗೆ ಹೋಗೋಣ. ಬಾಗಿಲಲ್ಲಿ ನಿಂತ ನೌಕರನನ್ನು ಗದರಿಸಿ ಕನ್ನಡ ಉಳಿಯುವುದಿಲ್ಲ. ಆತನಲ್ಲಿ ಪುಕ್ಕಟೆ ಪಾಸು ಬೇಡಿ ಅಂತೂ ಬೆಳೆಯುವುದಿಲ್ಲ.